ಕೊಂಡ ಮನೆಯನ್ನು ಮಾರಲು ಕಾಯಬೇಕೆ?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಮನೆ ಕಟ್ಟುವುದರಲ್ಲಿರುವ ಕಷ್ಟವನ್ನು ಈ ಗಾದೆ ಹೇಳುತ್ತದೆ. ಮಾರುವುದರಲ್ಲಿರುವ ಕಷ್ಟವನ್ನು ಹೇಳುವುದಿಲ್ಲ. ನಮ್ಮವರಿಗೆ ಮನೆ ಮಾರುವುದೆಂದರೆ ಮನೆತನವೇ ಮುಳುಗಿದಂತೆ. ಆ ಮಾತನ್ನು ಗಾದೆಗೆ ಸೇರಿಸಲೂ ಅವರಿಗೆ ಮನಸ್ಸು ಬಂದಿರಲಾರದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹಾಗಲ್ಲ. ಅಲ್ಲಿ ಮನೆಯೆಂಬುದು ವಾಸಸ್ಥಾನವೂ ಹೌದು, ವ್ಯಾಪಾರದ ಸರಕೂ ಹೌದು. ಹಳೆಯ ಮನೆಯೊಂದನ್ನು ಅಗ್ಗಕ್ಕೆ ಕೊಂಡು, ದುರಸ್ತಿ ಮಾಡಿಸಿ, ಕೆಲವೇ ತಿಂಗಳುಗಳಲ್ಲಿ ಹೆಚ್ಚಿನ ಬೆಲೆಗೆ ಮಾರುವುದನ್ನೇ ವೃತ್ತಿ ಮಾಡಿಕೊಂಡವರು ಅಲ್ಲಿ ಬಹುಮಂದಿ ಇದ್ದಾರೆ. ಈ ವ್ಯಾಪಾರಕ್ಕೆ ಅವರು 'ಫ್ಲಿಪ್' ಎನ್ನುತ್ತಾರೆ. ದೋಸೆಯನ್ನು ಕಾವಲಿಯ ಮೇಲೆ ಮಗುಚಿ ಹಾಕುವಂತೆ ಮನೆಯನ್ನು ಮಗುಚಿ ಹಾಕುವುದು.

ದೂರದ ಅಮೆರಿಕದ ಮನೆಗಳ ಮಾತು ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಏಕೆಂದು ಮಿತ್ರರು ಕೇಳಬಹುದು. ೨೦೦೮ರ ಆರ್ಥಿಕ ಕುಸಿತವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಪಾಠವಾಗಿ ಓದುತ್ತೇವೆ. ಬ್ಯಾಂಕುಗಳು ಬಿದ್ದುವು, ಸರ್ಕಾರ ಎತ್ತಿತು ಎಂಬಲ್ಲಿಗೆ ನಮ್ಮ ಓದು ಮುಗಿಯುತ್ತದೆ. ಬಿದ್ದ ಮನೆಗಳನ್ನು ಯಾರು ಕೊಂಡರು, ಯಾವ ಷರತ್ತಿನ ಮೇಲೆ ಕೊಂಡರು, ಆ ಷರತ್ತು ನ್ಯಾಯವಾದುದೇ ಎಂಬ ವಿಚಾರ ನಮ್ಮ ಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಒಂದು ಆಸ್ತಿಯನ್ನು ಹಣ ಕೊಟ್ಟು ಕೊಂಡವನಿಗೆ ಅದನ್ನು ಮಾರುವ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಇರಬೇಕು? ಈ ಪ್ರಶ್ನೆ ಅಮೆರಿಕದ್ದಷ್ಟೇ ಅಲ್ಲ, ಎಲ್ಲ ದೇಶಗಳದೂ ಆಗಿದೆ. ಈ ಕುರಿತು ನನಗೆ ತೋರಿದ ನಾಲ್ಕು ಮಾತುಗಳನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ಅಮೆರಿಕದಲ್ಲಿ ಮನೆಗಳ ಬೆಲೆ ೨೦೦೬ರವರೆಗೆ ಏರುತ್ತಲೇ ಹೋಯಿತು. ಆಮೇಲೆ ಇಳಿಯತೊಡಗಿ, ೨೦೧೨ರ ಹೊತ್ತಿಗೆ ದೇಶದ ಒಟ್ಟು ಸರಾಸರಿಯಲ್ಲಿ ಕಾಲುಭಾಗಕ್ಕೂ ಮಿಕ್ಕಿ ಕುಸಿಯಿತು. ಲಾಸ್ ವೇಗಾಸ್, ಫೀನಿಕ್ಸ್ ಮೊದಲಾದ ನಗರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಲೆ ಕರಗಿಹೋಯಿತು. ಮೂರು ಲಕ್ಷ ಡಾಲರು ಸಾಲ ಮಾಡಿ ಮನೆ ಕೊಂಡ ಸಂಸಾರಸ್ಥನ ಮನೆ ಇಂದು ಎರಡು ಲಕ್ಷಕ್ಕೆ ಮಾತ್ರ ಹೋಗುತ್ತದೆ ಎನ್ನೋಣ. ಅವನ ಕೆಲಸವೂ ಹೋಗಿದೆ, ಕಂತು ಕಟ್ಟಲಾರ. ಮಾರೋಣವೆಂದರೆ ಬಂದ ಹಣದಿಂದ ಸಾಲ ತೀರದು. ಸಾಲ ತೀರದೆ ಬ್ಯಾಂಕು ಅಡಮಾನವನ್ನು ಬಿಡದು. ಅಡಮಾನ ಬಿಡದೆ ಯಾರೂ ಕೊಳ್ಳರು. ಇಂಥವನಿಗೆ ಉಳಿದ ದಾರಿಗಳು ಎರಡು. ಒಂದು, ಬ್ಯಾಂಕು ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕುವವರೆಗೆ ಕೈಕಟ್ಟಿ ಕುಳಿತಿರುವುದು. ಇನ್ನೊಂದು, ಬ್ಯಾಂಕಿನ ಒಪ್ಪಿಗೆ ಪಡೆದು, ಸಾಲಕ್ಕಿಂತ ಕಡಮೆ ಬೆಲೆಗೆ ತಾನೇ ಮಾರಿ, ಬಂದ ಹಣವನ್ನು ಬ್ಯಾಂಕಿಗೆ ಒಪ್ಪಿಸಿ ಹೊರಬೀಳುವುದು. ಈ ಎರಡನೆಯದಕ್ಕೆ 'ಶಾರ್ಟ್ ಸೇಲ್' ಎಂದು ಹೆಸರು. ಹಣ ಸಾಲದಷ್ಟು ಬರುವುದಿಲ್ಲವಾದ್ದರಿಂದ ಅದು 'ಶಾರ್ಟ್', ಅಂದರೆ ಕೊರತೆಯ ಮಾರಾಟ.

ಇದರಿಂದ ಮೂವರಿಗೂ ಅಷ್ಟಿಷ್ಟು ಅನುಕೂಲವಿದೆ. ಮನೆಯಾತನಿಗೆ ಹರಾಜಿನ ಅವಮಾನ ತಪ್ಪುತ್ತದೆ. ಬ್ಯಾಂಕಿಗೆ ಖಾಲಿ ಮನೆಯನ್ನು ಕಾಯುವ ಖರ್ಚು, ನ್ಯಾಯಾಲಯದ ಖರ್ಚು ಉಳಿಯುತ್ತದೆ. ಕೊಳ್ಳುವವನಿಗೆ ಬೆಲೆ ಹಗುರವಾಗುತ್ತದೆ. ಉಳಿದ ಸಾಲವನ್ನು ಬ್ಯಾಂಕು ಬಿಟ್ಟುಕೊಡುತ್ತದೆಯೇ ಇಲ್ಲವೇ ಎಂಬುದು ಒಪ್ಪಿಗೆಪತ್ರವನ್ನೂ ಆಯಾ ಸಂಸ್ಥಾನದ ಕಾನೂನನ್ನೂ ಅವಲಂಬಿಸಿದೆ. ಕ್ಯಾಲಿಫೋರ್ನಿಯಾ ಸಂಸ್ಥಾನವು ೨೦೧೧ರಲ್ಲಿ, ವಾಸದ ಮನೆಗಳ ಇಂತಹ ಮಾರಾಟಕ್ಕೆ ಒಪ್ಪಿದ ಬ್ಯಾಂಕು ಉಳಿದ ಬಾಕಿಗಾಗಿ ಸಾಲಗಾರನ ಬೆನ್ನುಹತ್ತಬಾರದೆಂದು ಶಾಸನ ಮಾಡಿತು.

ಈಗ ಷರತ್ತಿನ ಮಾತಿಗೆ ಬರೋಣ. ಒಂದು ಲಕ್ಷ ಡಾಲರು ನಷ್ಟಕ್ಕೆ ಒಪ್ಪಿ ಸಹಿ ಹಾಕಿದ ಬ್ಯಾಂಕಿನ ಅಧಿಕಾರಿ, ಮರುದಿನವೇ ಅದೇ ಮನೆ ನಾಲ್ವತ್ತು ಸಾವಿರ ಹೆಚ್ಚಿಗೆ ಮಾರಾಟವಾದ ಸುದ್ದಿಯನ್ನು ಕೇಳಿದರೆ ಹೇಗಿರಬೇಡ! ಆ ನಾಲ್ವತ್ತು ಸಾವಿರ ನ್ಯಾಯವಾಗಿ ಬ್ಯಾಂಕಿನದು. ಸಾಲಕ್ಕೆ ಹೊಣೆ ನಿಂತವರು ಸರ್ಕಾರದ ಆಶ್ರಯದ ಸಂಸ್ಥೆಗಳಾಗಿದ್ದರೆ, ಅದು ಕಡೆಗೆ ತೆರಿಗೆದಾರರ ಹಣವೂ ಹೌದು. ೧೯೩೮ರಲ್ಲಿ ಹುಟ್ಟಿದ ಫ್ಯಾನಿ ಮೇ, ೧೯೭೦ರಲ್ಲಿ ಹುಟ್ಟಿದ ಫ್ರೆಡ್ಡಿ ಮ್ಯಾಕ್ ಎಂಬ ಎರಡು ದೊಡ್ಡ ಗೃಹಸಾಲ ಸಂಸ್ಥೆಗಳನ್ನು ೨೦೦೮ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸರ್ಕಾರವೇ ತನ್ನ ಆಡಳಿತಕ್ಕೆ ತೆಗೆದುಕೊಂಡು ಹಣ ತುಂಬಬೇಕಾಯಿತು.

ಇಂತಹ ಮಾರಾಟಗಳಲ್ಲಿ ವಂಚನೆಯೂ ನಡೆಯಿತು. ದಲ್ಲಾಳಿಯೊಬ್ಬನು ಮನೆಯ ಬೆಲೆಯನ್ನು ಬೇಕೆಂದೇ ಕಡಮೆ ತೋರಿಸುವನು. ಹೆಚ್ಚಿಗೆ ಕೊಡಲು ಬಂದ ಖರೀದಿದಾರನ ಪತ್ರವನ್ನು ಬ್ಯಾಂಕಿನ ಕಣ್ಣಿಗೆ ಬೀಳದಂತೆ ಅಡಗಿಸಿಡುವನು. ತನ್ನ ಕಡೆಯವನಿಗೆ ಅಗ್ಗದಲ್ಲಿ ಮಾರಿಸಿ, ಅದೇ ವಾರ ನಿಜವಾದ ಖರೀದಿದಾರನಿಗೆ ದಾಟಿಸುವನು. ಅಲ್ಲಿನವರು ಇದನ್ನು 'ಫ್ಲಾಪಿಂಗ್' ಎಂದು ಕರೆದರು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ನಮ್ಮ ಗಾದೆಯಂತೆ, ನಷ್ಟ ಕಂಡ ಮೇಲೆ ಸಾಲ ಕೊಟ್ಟವರು ಬಾಗಿಲು ಹಾಕಿದರು. ಕೊಂಡವನು ಇಂತಿಷ್ಟು ದಿನ ಮನೆಯನ್ನು ಮಾರಕೂಡದು ಎಂಬುದೇ ಆ ಬಾಗಿಲು.

ಬಾಗಿಲು ಒಂದೇ ಬಗೆಯದಾಗಿರಲಿಲ್ಲ. ೨೦೧೦ರ ಏಪ್ರಿಲಿನಲ್ಲಿ ಅಮೆರಿಕದ ಖಜಾನೆ ಇಲಾಖೆ ಜಾರಿಗೆ ತಂದ 'ಹಾಫಾ' ಎಂಬ ಯೋಜನೆಯಲ್ಲಿ, ಶಾರ್ಟ್ ಸೇಲಿನಲ್ಲಿ ಕೊಂಡವನು ೯೦ ದಿನಗಳವರೆಗೆ ಮಾರುವುದಿಲ್ಲವೆಂದು ಒಪ್ಪಬೇಕಿತ್ತು. ಮುಂದೆ ಇನ್ನೊಂದು ಬಗೆಯ ಷರತ್ತು ಬಳಕೆಗೆ ಬಂದಿತು. ೨೦೧೨ರ ಬಳಿಕ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳ ಶಾರ್ಟ್ ಸೇಲುಗಳಲ್ಲಿ ಅದೇ ರೂಢಿಯಾಯಿತು. ಅದರ ಪ್ರಕಾರ ಮೊದಲ ೩೦ ದಿನ ಯಾವ ಬೆಲೆಗೂ ಮಾರುವಂತಿಲ್ಲ. ಅಲ್ಲಿಂದ ೯೦ನೆಯ ದಿನದವರೆಗೆ ಕೊಂಡ ಬೆಲೆಯ ಶೇಕಡಾ ೧೨೦ನ್ನು ಮೀರಿ ಮಾರುವಂತಿಲ್ಲ. ಆಮೇಲೆ ಮನಬಂದ ಬೆಲೆಗೆ ಮಾರಬಹುದು. ಖಾಸಗಿ ಬ್ಯಾಂಕುಗಳು ತಮತಮಗೆ ತೋಚಿದಂತೆ ೩೦, ೬೦, ೯೦ ದಿನಗಳ ಗಡುವನ್ನು ಹಾಕಿದುವು. ಕೊಂಡವನೇ ವಾಸಿಸಬೇಕು, ಖರೀದಿಯ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬಾರದು ಎಂದು ಬರೆಸಿಕೊಂಡ ಬ್ಯಾಂಕುಗಳೂ ಉಂಟು.

ಷರತ್ತು ಎಲ್ಲಿ ಬರೆಯಲ್ಪಟ್ಟಿದೆ ಎಂಬುದು ಬಹುಮುಖ್ಯ. ಬ್ಯಾಂಕಿನ ಒಪ್ಪಿಗೆಪತ್ರದಲ್ಲಿ ಮಾತ್ರವಿದ್ದರೆ ಅದು ಸಹಿ ಹಾಕಿದವರ ನಡುವಣ ಕರಾರು. ಮಾರುವವ, ಕೊಳ್ಳುವವ, ದಲ್ಲಾಳಿಗಳು ಸೇರಿ ಬರೆದುಕೊಡುವ ಪ್ರಮಾಣಪತ್ರದಲ್ಲಿದ್ದರೆ ಅದು ಕರಾರೂ ಹೌದು, ಸತ್ಯಪ್ರತಿಜ್ಞೆಯೂ ಹೌದು. ತಾವು ಪರಸ್ಪರ ಸಂಬಂಧಿಕರಲ್ಲ, ಬ್ಯಾಂಕಿಗೆ ತಿಳಿಯದ ಯಾವ ಒಳಒಪ್ಪಂದವೂ ಇಲ್ಲ ಎಂದು ಆ ಪತ್ರದಲ್ಲಿ ಎಲ್ಲರೂ ಪ್ರಮಾಣ ಮಾಡುತ್ತಾರೆ. ಕ್ರಯಪತ್ರದಲ್ಲಿಯೇ ಬರೆದು ನೋಂದಾಯಿಸಿದ್ದರೆ ಷರತ್ತು ಮನೆಯೊಡನೆಯೇ ಸಾಗುತ್ತದೆ; ಮುಂದೆ ಕೊಳ್ಳುವವನ ಕಡೆಯವರು ದಾಖಲೆ ಶೋಧಿಸಿದಾಗ ಮೊದಲು ಕಣ್ಣಿಗೆ ಬೀಳುವುದು ಅದೇ. ಗಡುವು ತೀರುವವರೆಗೆ ಹಕ್ಕುವಿಮೆಯ ಸಂಸ್ಥೆಗಳು ಅಂತಹ ಮಾರಾಟಕ್ಕೆ ವಿಮೆ ಕೊಡಲು ಹಿಂಜರಿಯುತ್ತವೆ. ಹಕ್ಕುವಿಮೆ ಇಲ್ಲದೆ ಅಲ್ಲಿ ಬ್ಯಾಂಕು ಹೊಸ ಖರೀದಿದಾರನಿಗೆ ಸಾಲ ಕೊಡುವುದು ದುರ್ಲಭ.

ಇಷ್ಟನ್ನು ತಿಳಿದ ಮೇಲೆ, ಈ ವ್ಯಾಪಾರಕ್ಕೆ ಇಳಿದವನು ಷರತ್ತಿನ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆ ಬರುತ್ತದೆ. ಜಾಣರೆನಿಸಿಕೊಂಡವರು ಹಲವು ಉಪಾಯಗಳನ್ನು ಹೇಳಿಕೊಡುತ್ತಾರೆ. ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವ ಜೋಡಿ ನೋಂದಣಿ ಒಂದು. ಮನೆಯನ್ನು ಕೊಳ್ಳುವುದಕ್ಕಾಗಿಯೇ ಒಂದು ಪುಟ್ಟ ಕಂಪನಿಯನ್ನು ಹುಟ್ಟಿಸಿ, ಮನೆಯನ್ನು ಕಂಪನಿಯ ಹೆಸರಿನಲ್ಲಿಯೇ ಇಟ್ಟು, ಮಾರುವ ಕಾಲಕ್ಕೆ ಕಂಪನಿಯನ್ನೇ ಮಾರಿಬಿಡುವುದು ಇನ್ನೊಂದು. ಮನೆಯನ್ನು ನ್ಯಾಸವೊಂದರಲ್ಲಿ ಇರಿಸಿ, ಅದರ ಫಲಾನುಭವಿಯ ಹಕ್ಕನ್ನು ಕೈಬದಲಾಯಿಸುವುದು ಮತ್ತೊಂದು. ಈ ಎರಡರಲ್ಲಿಯೂ ಮನೆಯ ಕ್ರಯಪತ್ರ ಅಲುಗಾಡಲಿಲ್ಲ, ಆದ್ದರಿಂದ ಮನೆ ಮಾರಾಟವಾಗಲಿಲ್ಲ ಎಂಬುದು ಇವರ ವಾದ. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎನ್ನುವ ಗಾದೆಯ ಜಾಣರು ಇವರು!

ಇಂತಹ ಜಾಣತನವನ್ನು ನಾನು ಒಪ್ಪಲಾರೆ. ಇದು ಬರಿಯ ನೀತಿಬೋಧೆಯ ಮಾತೆಂದು ಓದುಗರು ತಿಳಿಯಬಾರದು. ಇದಕ್ಕೆ ಎರಡು ಗಟ್ಟಿ ಕಾರಣಗಳಿವೆ.

ಮೊದಲನೆಯದು ಕಾನೂನಿನ ಕಾರಣ. ಕಂಪನಿಯನ್ನು ಮಾರುವುದು ತಾನಾಗಿ ಅಪರಾಧವಲ್ಲ, ನಿಜ. ಆದರೆ ಮರುಮಾರಾಟದ ಏರ್ಪಾಡು ಮೊದಲೇ ಕೈಯಲ್ಲಿದ್ದೂ, "ಒಳಒಪ್ಪಂದವೇನೂ ಇಲ್ಲ" ಎಂದು ಬ್ಯಾಂಕಿಗೆ ಪ್ರಮಾಣ ಬರೆದುಕೊಟ್ಟರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ಬ್ಯಾಂಕನ್ನು ವಂಚಿಸಿದವರಿಗೆ ಅಮೆರಿಕದ ಕೇಂದ್ರ ಶಾಸನದಲ್ಲಿ ೩೦ ವರ್ಷಗಳವರೆಗಿನ ಸೆರೆಮನೆ, ಹತ್ತು ಲಕ್ಷ ಡಾಲರುಗಳವರೆಗಿನ ದಂಡ ವಿಧಿಸಲು ಅವಕಾಶವಿದೆ. ಹದಿನೈದು ಸಾವಿರದ ಲಾಭಕ್ಕಾಗಿ ಇಂತಹ ಗಂಡಾಂತರವನ್ನು ಮೈಮೇಲೆ ಎಳೆದುಕೊಳ್ಳುವುದು ಜಾಣತನವೆ?

ಎರಡನೆಯದು ಇನ್ನೂ ಮುಖ್ಯವಾದುದು. ಈ ವ್ಯವಹಾರದಲ್ಲಿ ಕೊಳ್ಳುವವನೂ ಬ್ಯಾಂಕೂ ಇಬ್ಬರೇ ಇಲ್ಲ. ಮನೆಯನ್ನು ಕಳೆದುಕೊಂಡು ಹೊರಟ ಸಂಸಾರಸ್ಥ ಮೂರನೆಯವನಾಗಿ ನಿಂತಿದ್ದಾನೆ. ಅವನ ಸಾಲದ ಬಿಡುಗಡೆ ಈ ಮಾರಾಟದ ಪ್ರಾಮಾಣಿಕತೆಯ ಮೇಲೆ ನಿಂತಿದೆ. ಮಾರಾಟದಲ್ಲಿ ಸುಳ್ಳು ಕಂಡುಬಂದರೆ ಒಪ್ಪಿಗೆ ರದ್ದಾಗುವುದೆಂದೂ, ಬಾಕಿಯನ್ನು ಮತ್ತೆ ವಸೂಲು ಮಾಡಬಹುದೆಂದೂ ಬರೆದಿರುವ ಪತ್ರಗಳುಂಟು. ಕೊಂಡವನು ಲಾಭವನ್ನು ಜೇಬಿಗಿಳಿಸಿ ಹೊರಟುಹೋಗುತ್ತಾನೆ. ಬಾಡಿಗೆ ಮನೆಯಲ್ಲಿ ಹೊಸ ಬಾಳನ್ನು ಆರಂಭಿಸಿದ ಹಳೆಯ ಮನೆಯಾತನ ಬಾಗಿಲಿಗೆ ನೋಟೀಸು ಬರುತ್ತದೆ. ಹಾಲು ಕುಡಿದದ್ದು ಬೆಕ್ಕು, ಪೆಟ್ಟು ತಿಂದದ್ದು ಮೇಕೆ! ಪ್ರಮಾಣಪತ್ರಕ್ಕೆ ಅವನ ಸಹಿಯೂ ಬಿದ್ದಿರುತ್ತದೆ ಎಂಬುದನ್ನು ನಾವು ಮರೆಯಲಾಗದು.

ಹಾಗಾದರೆ ಮಾಡಬೇಕಾದುದೇನು? ನನ್ನ ಅಭಿಪ್ರಾಯದಲ್ಲಿ, ಷರತ್ತನ್ನು ಕೊನೆಯಲ್ಲಿ ಎದುರಾಗುವ ಅಡ್ಡಿಯೆಂದು ನೋಡದೆ, ಮೊದಲೇ ಲೆಕ್ಕಕ್ಕೆ ಹಿಡಿಯಬೇಕಾದ ಖರ್ಚೆಂದು ನೋಡುವುದೇ ಸರಿಯಾದ ಮಾರ್ಗ. ಒಪ್ಪಿಗೆಪತ್ರದ ನಮೂನೆಯನ್ನು ಮುಂಗಡ ಕಟ್ಟುವ ಮೊದಲೇ ಕೇಳಿ ಓದಬೇಕು. ನಿಷೇಧವಿರುವುದು ಮಾರಾಟದ ನೋಂದಣಿಗೆ ಮಾತ್ರವೋ, ಮಾರುವ ಕರಾರಿಗೂ ಉಂಟೋ ಎಂಬುದನ್ನು ನೋಡಬೇಕು. ನೋಂದಣಿಗೆ ಮಾತ್ರ ಇದ್ದರೆ ಗಡುವಿನೊಳಗೇ ಖರೀದಿದಾರನನ್ನು ಹುಡುಕಿ, ಗಡುವು ತೀರಿದ ಮೇಲೆ ನೋಂದಾಯಿಸಬಹುದು. ಷರತ್ತಿನ ಮಾತು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಇದ್ದರೆ ಬ್ಯಾಂಕಿನಿಂದಲೇ ಬರಹದಲ್ಲಿ ಸ್ಪಷ್ಟನೆ ಪಡೆಯಬೇಕು. ದುರಸ್ತಿ ಮಾಡಿ ಮಾರುವುದೇ ತನ್ನ ಕಸುಬೆಂದು ಬಿಚ್ಚಿ ಹೇಳಿ, ಗಡುವನ್ನು ಇಳಿಸುವಂತೆ ಬರಹದಲ್ಲಿಯೇ ಕೋರಬೇಕು. ಕೊಟ್ಟರೆ ಒಳ್ಳೆಯದು, ಕೊಡದಿದ್ದರೆ ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಿ ಕೇಳಬೇಕು, ಇಲ್ಲವೇ ಆ ಮನೆಯನ್ನು ಬಿಡಬೇಕು.

ಕಾಯುವ ದಿನಗಳು ವ್ಯರ್ಥವಾಗಬೇಕಾಗಿಯೂ ಇಲ್ಲ. ಮಾಡು, ನೀರಿನ ಕೊಳವೆ, ವಿದ್ಯುತ್ ತಂತಿ, ಅಡಿಗೆಮನೆ ಇವುಗಳ ದುರಸ್ತಿಗೆ, ನಗರಾಡಳಿತದ ಅನುಮತಿ ಸಹಿತವಾಗಿ, ಆರೆಂಟು ವಾರಗಳು ಹೇಗೂ ಬೇಕು. ಹಾಗಾಗಿ ತೊಂಬತ್ತು ದಿನಗಳಲ್ಲಿ ಅರವತ್ತು ದಿನ ಕೆಲಸದಲ್ಲಿಯೇ ಕಳೆಯುತ್ತದೆ. ನಿಜವಾಗಿ ಷರತ್ತಿಗಾಗಿ ಕಾಯುವುದು ಒಂದು ತಿಂಗಳು ಮಾತ್ರ.

ಇದಲ್ಲದೆ, ಬ್ಯಾಂಕು ಯಾವ ಷರತ್ತನ್ನೂ ಹಾಕದಿದ್ದರೂ ಮುಂದಿನ ಖರೀದಿದಾರನ ಸಾಲದ ನಿಯಮ ಎದುರಾಗುವುದುಂಟು. ೧೯೩೪ರಲ್ಲಿ ಸ್ಥಾಪಿತವಾದ ಎಫ್.ಎಚ್.ಎ. ಎಂಬ ಸರ್ಕಾರಿ ಸಂಸ್ಥೆ, ಸಾಮಾನ್ಯ ಆದಾಯದವರ ಗೃಹಸಾಲಗಳಿಗೆ ವಿಮೆ ಕೊಡುತ್ತದೆ. ಮಾರುವವನು ಮನೆಯನ್ನು ಕೊಂಡು ೯೦ ದಿನಗಳಾಗುವ ಮೊದಲೇ ಮರುಮಾರಾಟದ ಕರಾರಾಗಿದ್ದರೆ ಅಂತಹ ಸಾಲಕ್ಕೆ ವಿಮೆ ಇಲ್ಲವೆಂದು ೨೦೦೩ರಲ್ಲಿ ಅದು ನಿಯಮ ಮಾಡಿತು. ಖಾಲಿ ಮನೆಗಳು ಹೆಚ್ಚಿದ್ದ ಕಾಲದಲ್ಲಿ, ೨೦೧೦ರ ಫೆಬ್ರವರಿಯಿಂದ ೨೦೧೪ರ ಕೊನೆಯವರೆಗೆ, ಆ ನಿಯಮವನ್ನು ಸಡಿಲಿಸಿ ೨೦೧೫ರಿಂದ ಮತ್ತೆ ಜಾರಿಗೊಳಿಸಿತು. ೨೦೧೪ರ ಜನವರಿಯಲ್ಲಿ ಜಾರಿಗೆ ಬಂದ ಇನ್ನೊಂದು ನಿಯಮದಂತೆ, ಹೆಚ್ಚಿನ ಬಡ್ಡಿಯ ಗೃಹಸಾಲಗಳಲ್ಲಿ, ಮಾರುವವನು ಕೊಂಡು ೯೦ ದಿನಗಳೊಳಗೆ ಬೆಲೆ ಶೇಕಡಾ ೧೦ಕ್ಕಿಂತ ಹೆಚ್ಚು ಏರಿದ್ದರೆ ಸಾಲ ಕೊಡುವವನು ಎರಡನೆಯ ಬಾರಿ ಬೆಲೆ ಕಟ್ಟಿಸಬೇಕು. ಆದ್ದರಿಂದ ಅವಸರದಿಂದ ಆಗುವ ಲಾಭ ನಾವು ಊಹಿಸಿದಷ್ಟು ದೊಡ್ಡದಲ್ಲ.

ಇಲ್ಲಿಯವರೆಗೆ ನಾನು ಷರತ್ತಿನ ಪರವಾಗಿಯೇ ಮಾತನಾಡಿದಂತೆ ಕಾಣಬಹುದು. ಒಪ್ಪಿ ಸಹಿ ಹಾಕಿದ ಷರತ್ತನ್ನು ಪಾಲಿಸಬೇಕು. ಅದು ಒಂದು ಮಾತು. ಆ ಷರತ್ತು ಸರಿಯಾಗಿ ರಚಿತವಾಗಿದೆಯೇ ಎಂಬುದು ಬೇರೆಯೇ ಮಾತು. ಶೇಕಡಾ ೧೨೦ರ ಮಿತಿಯಲ್ಲಿ ಒಂದು ದೊಡ್ಡ ದೋಷವಿದೆ ಎಂಬುದು ನನ್ನ ನಂಬಿಕೆ. ಅದನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸುತ್ತೇನೆ.

ಇಬ್ಬರು ವ್ಯಾಪಾರಿಗಳು ತಲಾ ೨,೦೦,೦೦೦ ಡಾಲರಿಗೆ ಒಂದೊಂದು ಮನೆಯನ್ನು ಶಾರ್ಟ್ ಸೇಲಿನಲ್ಲಿ ಕೊಂಡರೆನ್ನೋಣ. ಇಬ್ಬರದೂ ಶೇಕಡಾ ೧೨ರ ಬಡ್ಡಿಯ ಹಣ. ತಿಂಗಳಿಗೆ ಬಡ್ಡಿ ೨,೦೦೦, ತೆರಿಗೆ ವಿಮೆ ಮೊದಲಾದುವಕ್ಕೆ ೮೦೦, ಒಟ್ಟು ೨,೮೦೦ ಡಾಲರು ಖರ್ಚು. ಮಾರುವಾಗ ದಲ್ಲಾಳಿ ಮತ್ತು ನೋಂದಣಿಯ ವೆಚ್ಚ ಮಾರಾಟದ ಬೆಲೆಯ ಶೇಕಡಾ ೭.

ಮೊದಲನೆಯವನು ಬ್ಯಾಂಕಿಗೆ ಬೆಲೆಯನ್ನು ಕಡಮೆ ತೋರಿಸಿ ಕೊಂಡವನು. ಮನೆಗೆ ಒಂದು ಮೊಳೆಯನ್ನೂ ಹೊಡೆಯದೆ, ೩೦ ದಿನ ಕಳೆದೊಡನೆ ಮಿತಿಯೊಳಗೇ ೨,೪೦,೦೦೦ಕ್ಕೆ ಮಾರುತ್ತಾನೆ. ಹೆಚ್ಚಿಗೆ ಬಂದ ೪೦,೦೦೦ದಲ್ಲಿ ಒಂದು ತಿಂಗಳ ಖರ್ಚು ೨,೮೦೦, ಮಾರಾಟದ ವೆಚ್ಚ ೧೬,೮೦೦ ಕಳೆದರೆ ಅವನಿಗೆ ಉಳಿಯುವುದು ೨೦,೪೦೦ ಡಾಲರು.

ಎರಡನೆಯವನು ಪಾಳುಬಿದ್ದ ಮನೆಯನ್ನು ನ್ಯಾಯವಾದ ಬೆಲೆಗೆ ಕೊಂಡು, ೨೫,೦೦೦ ಡಾಲರು ಸುರಿದು ಎರಡು ತಿಂಗಳು ದುರಸ್ತಿ ಮಾಡಿಸಿದವನು. ಮನೆ ಈಗ ೨,೬೦,೦೦೦ ಬೆಲೆ ಬಾಳುತ್ತದೆ. ಆದರೆ ಗಡುವಿನೊಳಗೆ ಅವನು ೨,೪೦,೦೦೦ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಎರಡು ತಿಂಗಳ ಕೊನೆಗೆ ಆ ಬೆಲೆಗೇ ಮಾರಿದರೆ, ದುರಸ್ತಿ ೨೫,೦೦೦, ಎರಡು ತಿಂಗಳ ಖರ್ಚು ೫,೬೦೦, ಮಾರಾಟದ ವೆಚ್ಚ ೧೬,೮೦೦ ಕಳೆದು, ಅವನು ೭,೪೦೦ ಡಾಲರು ಕೈಯಿಂದ ಕಳೆದುಕೊಳ್ಳುತ್ತಾನೆ. ಮೂರು ತಿಂಗಳು ಕಾದು ಪೂರ್ಣ ಬೆಲೆಗೆ ಮಾರಿದರೆ, ೬೦,೦೦೦ದಲ್ಲಿ ದುರಸ್ತಿ ೨೫,೦೦೦, ಮೂರು ತಿಂಗಳ ಖರ್ಚು ೮,೪೦೦, ಮಾರಾಟದ ವೆಚ್ಚ ೧೮,೨೦೦ ಹೋಗಿ ೮,೪೦೦ ಡಾಲರು ಉಳಿಯುತ್ತದೆ. ಮಾರಾಟ ಇನ್ನೂ ಮೂರು ತಿಂಗಳು ತಡವಾದರೆ ಅದೂ ಇಲ್ಲ.

ಈ ಲೆಕ್ಕ ನಮಗೆ ಏನನ್ನು ಹೇಳುತ್ತದೆ? ಯಾರನ್ನು ತಡೆಯಲೆಂದು ಈ ಮಿತಿ ಹುಟ್ಟಿತೋ ಅವನು ಮಿತಿಯೊಳಗೇ ನಿಂತು ಇಪ್ಪತ್ತು ಸಾವಿರ ಗಳಿಸುತ್ತಾನೆ. ಮುರಿದ ಮನೆಯನ್ನು ಎತ್ತಿ ನಿಲ್ಲಿಸಿದವನು ಒಂದೋ ನಷ್ಟಕ್ಕೆ ಮಾರಬೇಕು, ಇಲ್ಲವೇ ಸಿದ್ಧವಾದ ಮನೆಗೆ ಬೀಗ ಜಡಿದು ಬಡ್ಡಿ ಕಟ್ಟುತ್ತ ಕೂರಬೇಕು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತು ಇಲ್ಲಿ ತಲೆಕೆಳಗಾಗಿದೆ. ಮಿತಿಯು ಕೊಂಡ ಬೆಲೆಯನ್ನು ಮಾತ್ರ ನೋಡುತ್ತದೆ. ಕೊಂಡ ಮೇಲೆ ಮನೆಗೆ ಹಾಕಿದ ಹಣವನ್ನೂ ದುಡಿಮೆಯನ್ನೂ ನೋಡುವುದಿಲ್ಲ. ದೋಷ ಇರುವುದು ಇಲ್ಲಿಯೇ.

ಇದರ ಪರಿಣಾಮ ಆ ವ್ಯಾಪಾರಿಯೊಬ್ಬನಿಗೆ ಮಾತ್ರ ಸೀಮಿತವಲ್ಲ. ಖಾಲಿ ಮನೆಯಿಂದ ಇಡೀ ಬೀದಿಗೆ ಕೇಡು. ಹುಲ್ಲು ಬೆಳೆಯುತ್ತದೆ, ಕಿಟಕಿ ಒಡೆಯುತ್ತದೆ, ಕಳ್ಳರು ತಾಮ್ರದ ತಂತಿಯನ್ನೂ ಕೊಳವೆಯನ್ನೂ ಕಿತ್ತೊಯ್ಯುತ್ತಾರೆ. ನೆರೆಮನೆಯವನ ಮನೆಯ ಬೆಲೆಯೂ ಇಳಿದು, ನಾಳೆ ಅವನೂ ಶಾರ್ಟ್ ಸೇಲಿನ ಬಾಗಿಲಿಗೆ ಬರುವ ಸಂಭವವಿದೆ. ಹಾಳುಮನೆಯನ್ನು ಬೇಗ ಬಾಳುವ ಮನೆ ಮಾಡುವವನಿಗೆ ಸಮಾಜ ಋಣಿಯಾಗಿರಬೇಕು. ಅವನನ್ನೂ ಮೋಸಗಾರನನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಇಲಿ ಬಂತೆಂದು ಮನೆಗೆ ಬೆಂಕಿಯಿಟ್ಟಂತೆ.

ಪರಿಹಾರ ಕಷ್ಟವೇನಲ್ಲ. ಮೊದಲ ೩೦ ದಿನಗಳ ಪೂರ್ಣ ನಿಷೇಧ ಇರಲಿ. ಅಂದೇ ಕೊಂಡು ಅಂದೇ ಮಾರುವ ಮೋಸಕ್ಕೆ ಅದು ತಕ್ಕ ಮದ್ದು. ಆಮೇಲಿನ ಮಿತಿಯನ್ನು ಮಾತ್ರ, ಕೊಂಡ ಬೆಲೆಗೆ ರಸೀದಿಯುಳ್ಳ ದುರಸ್ತಿಯ ವೆಚ್ಚವನ್ನು ಕೂಡಿಸಿ, ಅದರ ಮೇಲೆ ಶೇಕಡಾ ೧೨೦ ಎಂದು ಮಾಡಲಿ. ನಮ್ಮ ಲೆಕ್ಕದ ಎರಡನೆಯ ವ್ಯಾಪಾರಿಗೆ ಆಗ ಮಿತಿ ೨,೭೦,೦೦೦ ಆಗುತ್ತದೆ. ಕೆಲಸ ಮುಗಿದೊಡನೆ ಅವನು ನ್ಯಾಯವಾಗಿ ಮಾರಬಹುದು. ಮೊದಲನೆಯವನಿಗೆ ತೋರಿಸಲು ರಸೀದಿಯೇ ಇಲ್ಲವಾದ್ದರಿಂದ, ಅವನ ಮಿತಿಯನ್ನು ಬೇಕಾದರೆ ಶೇಕಡಾ ೧೦೫ಕ್ಕೋ ೧೧೦ಕ್ಕೋ ಇಳಿಸಬಹುದು.

ಇದು ಅವ್ಯವಹಾರ್ಯವೆಂದು ಯಾರೂ ಹೇಳಲಾರರು, ಏಕೆಂದರೆ ಇದಕ್ಕೆ ಮೇಲ್ಪಂಕ್ತಿ ಅಲ್ಲಿಯೇ ಇದೆ. ಎಫ್.ಎಚ್.ಎ. ತನ್ನ ೯೦ ದಿನಗಳ ನಿಯಮವನ್ನು ೨೦೧೦ರಲ್ಲಿ ಸಡಿಲಿಸಿದಾಗ, ಬೆಲೆ ಶೇಕಡಾ ೨೦ ಅಥವಾ ಅದಕ್ಕೂ ಹೆಚ್ಚು ಏರಿದ್ದರೆ ಆ ಏರಿಕೆಗೆ ದುರಸ್ತಿಯೇ ಕಾರಣವೆಂದು ದಾಖಲೆಗಳಿಂದಲೋ ಎರಡನೆಯ ಬೆಲೆಕಟ್ಟುವಿಕೆಯಿಂದಲೋ ತೋರಿಸಬೇಕೆಂದು ಕೇಳಿತು. ದುಡಿಮೆಯಿಂದ ಏರಿದ ಬೆಲೆಯನ್ನೂ ಮುಚ್ಚುಮರೆಯಿಂದ ಏರಿದ ಬೆಲೆಯನ್ನೂ ಬೇರ್ಪಡಿಸಲು ಸಾಧ್ಯವೆಂಬುದಕ್ಕೆ ಇದೇ ಸಾಕ್ಷಿ.

ಕೊನೆಯದಾಗಿ, ಮಾರುವ ಹಕ್ಕಿನ ತತ್ತ್ವದ ಬಗೆಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ೧೨೯೦ರಷ್ಟು ಹಿಂದೆಯೇ, ಜಮೀನ್ದಾರನ ಒಪ್ಪಿಗೆಯಿಲ್ಲದೆ ಭೂಮಿಯನ್ನು ಮಾರುವ ಹಕ್ಕನ್ನು ಸ್ವತಂತ್ರ ಹಿಡುವಳಿದಾರರಿಗೆ ಶಾಸನವೊಂದು ಕೊಟ್ಟಿತು. ಆ ಪರಂಪರೆ ಅಮೆರಿಕಕ್ಕೂ ಹೋಯಿತು, ಬ್ರಿಟಿಷರೊಡನೆ ನಮ್ಮಲ್ಲಿಗೂ ಬಂದಿತು. ನಮ್ಮ ೧೮೮೨ರ ಸ್ವತ್ತು ವರ್ಗಾವಣೆ ಶಾಸನದ ೧೦ನೆಯ ಪ್ರಕರಣವು, ಕೊಂಡವನು ಪರಭಾರೆ ಮಾಡಲೇಕೂಡದೆಂದು ಪೂರ್ಣವಾಗಿ ತಡೆಯುವ ಷರತ್ತನ್ನು, ಕೆಲವು ಅಪವಾದಗಳನ್ನು ಬಿಟ್ಟು, ಅಸಿಂಧುವೆಂದು ಸಾರುತ್ತದೆ. ಆದರೆ ಕಾಲದಲ್ಲಿಯೂ ಉದ್ದೇಶದಲ್ಲಿಯೂ ಮಿತವಾದ ತಡೆಯನ್ನು ಎರಡು ದೇಶಗಳ ನ್ಯಾಯವೂ ಸಹಿಸುತ್ತದೆ.

ಪರಭಾರೆಯ ತಡೆ ನಮ್ಮ ನಾಡಿಗೆ ಹೊಸದೂ ಅಲ್ಲ. ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಇಂತಿಷ್ಟು ವರ್ಷ ಮಾರಬಾರದೆಂಬ ಷರತ್ತು ಹಳ್ಳಿಯ ನಮ್ಮ ಗೆಳೆಯರಿಗೆಲ್ಲ ತಿಳಿದುದೇ. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ತಡೆಯಲು ಕರ್ನಾಟಕವು ೧೯೭೮ರಲ್ಲಿ ಶಾಸನವನ್ನೇ ಮಾಡಿತು. ಸರ್ವೋಚ್ಚ ನ್ಯಾಯಾಲಯ ೧೯೮೪ರಲ್ಲಿ ಅದನ್ನು ಎತ್ತಿಹಿಡಿಯಿತು. ಎರಡಕ್ಕೂ ಒಂದು ಭೇದವನ್ನು ಗಮನಿಸಬೇಕು. ನಮ್ಮ ಶಾಸನದ ತಡೆ ದುರ್ಬಲನ ಭೂಮಿ ಬಲಿಷ್ಠನ ಕೈಸೇರದಿರಲೆಂದು ಹುಟ್ಟಿತು. ಅಮೆರಿಕದ ಬ್ಯಾಂಕಿನ ತಡೆ ಬಲಿಷ್ಠನಾದ ಸಾಲದಾತನ ಹಣವನ್ನು ಕಾಯಲು ಹುಟ್ಟಿತು. ಬ್ಯಾಂಕಿಗೂ ರಕ್ಷಣೆ ಬೇಡವೆಂದಲ್ಲ. ಆದರೆ ಬಲವುಳ್ಳವನು ತನ್ನ ರಕ್ಷಣೆಗೆ ಹಾಕುವ ಷರತ್ತು ಎಷ್ಟು ಬೇಕೋ ಅಷ್ಟೇ ಇರಬೇಕು. ತನಗೆ ನಷ್ಟವುಂಟುಮಾಡದವನ ಕೈಯನ್ನು ಅದು ಕಟ್ಟಬಾರದು.

ಆದುದರಿಂದ ನನ್ನ ನಿಲುವು ಇಷ್ಟು. ಕೊಳ್ಳುವವನು ಷರತ್ತನ್ನು ಓದಲಿ, ಲೆಕ್ಕ ಹಾಕಲಿ, ಬೇಡವಾದರೆ ಬಿಡಲಿ. ಒಮ್ಮೆ ಒಪ್ಪಿದ ಮೇಲೆ ರಂಗೋಲಿಯ ಕೆಳಗೆ ತೂರದೆ ದಿನ ಎಣಿಸಿ ಪಾಲಿಸಲಿ. ಷರತ್ತು ಹಾಕುವವನು ಅದನ್ನು ತಿಳಿಯಾಗಿ ಬರೆಯಲಿ, ಮಿತವಾಗಿ ಬರೆಯಲಿ, ಬೇಗ ಮಾರಿದವರೆಲ್ಲ ಕಳ್ಳರೆಂದು ಭಾವಿಸದಿರಲಿ. ಬೇಗ ಮಾರುವುದು ಪಾಪವಲ್ಲ; ಮುಚ್ಚಿಟ್ಟು ಮಾರುವುದು ಪಾಪ. ಈ ಎರಡನ್ನು ಬೇರೆ ಬೇರೆಯಾಗಿ ಕಾಣುವ ನಿಯಮವನ್ನು ಮಾಡುವುದು ಅಸಾಧ್ಯವೇನಲ್ಲ. ಹಿರಿಯರಾದ ಉಪನ್ಯಾಸಕರೂ ಸಹಪಾಠಿಗಳೂ ಈ ವಿಚಾರದಲ್ಲಿ ಭಿನ್ನಾಭಿಪ್ರಾಯ ಉಳ್ಳವರಾದರೆ, ಮೇಲಿನ ಲೆಕ್ಕವನ್ನು ತಾವೇ ಇನ್ನೊಮ್ಮೆ ಮಾಡಿ ನೋಡಿ, ತಮ್ಮ ವಾದವನ್ನು ಮುಂದಿಡಬೇಕೆಂದು ವಿನಂತಿಸುತ್ತೇನೆ.